ಗಡಿಯ ಮೇಲಿನ ಗುಡಿ

ಕಾಂಬೋಡಿಯ ದೇಶದ ಉತ್ತರದ ಅಂಚಿನಲ್ಲಿ, ಡಾಂಗ್ರೆಕ್ ಬೆಟ್ಟಸಾಲಿನ ನೆತ್ತಿಯ ಮೇಲೆ, ಪ್ರೆಯ ವಿಹಿಯರ್ ಎಂಬ ದೇವಾಲಯವಿರುವುದು. ಸುಮಾರು 800 ಮೀಟರುಗಳ ಉದ್ದಕ್ಕೆ ಹಂತಹಂತವಾಗಿ ಏರಿಹೋಗುವ ಈ ಗುಡಿಯ ಬಹುಭಾಗವು 11 ಮತ್ತು 12ನೆಯ ಶತಮಾನಗಳದು. ಅಲ್ಲಿ ಪೂಜೆಗೊಳ್ಳುತ್ತಿದ್ದವನು ಶಿವ. ಶಾಸನಗಳಲ್ಲಿ ಆತನ ಹೆಸರು ಶಿಖರೇಶ್ವರ. ಕಾಲಕ್ರಮದಲ್ಲಿ ಆ ನಾಡಿನವರು ಬೌದ್ಧರಾದರು. ಗುಡಿಯೂ ಬೌದ್ಧರ ಪುಣ್ಯಸ್ಥಳವಾಯಿತು. ಗಡಿಯ ಆಚೆಗಿರುವ ಥೈಲೆಂಡಿನವರೂ ಬೌದ್ಧರೇ. ಹೀಗಿದ್ದೂ ಈ ಗುಡಿಯ ನೆಲಕ್ಕಾಗಿ ಎರಡು ರಾಜ್ಯಗಳು ನೆತ್ತರು ಹರಿಸಿರುವುವು.

ವ್ಯಾಜ್ಯದ ಮೂಲವು ಒಂದು ನಕ್ಷೆ. ಬೆಟ್ಟದ ಮೇಲೆ ಬಿದ್ದ ನೀರು ಇಬ್ಬದಿಗೆ ಹರಿದು ಬೇರೆಯಾಗುವ ಏಣೇ ಗಡಿಯೆಂದು 1904ರಲ್ಲಿ ಫ್ರೆಂಚರೂ ಸಯಾಮಿನವರೂ ಒಪ್ಪಿದ್ದರು. ಆದರೆ 1907ರ ಫ್ರೆಂಚ್ ನಕ್ಷೆಯಲ್ಲಿ ಗುಡಿಯು ಕಾಂಬೋಡಿಯದ ಪಾಲಿಗೆ ಸೇರಿತು; ಸಯಾಮು ಬಹುಕಾಲ ಆಕ್ಷೇಪಿಸಲಿಲ್ಲ. 1962ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯವು, ಒಂಬತ್ತು ಮಂದಿ ನ್ಯಾಯಾಧೀಶರ ಬಹುಮತದಿಂದ, ಗುಡಿಯು ಕಾಂಬೋಡಿಯದ್ದೆಂದು ತೀರ್ಪಿತ್ತಿತು. ಗುಡಿಯ ವ್ಯಾಜ್ಯ ತೀರಿದರೂ ಸುತ್ತಣ ನೆಲದ ವ್ಯಾಜ್ಯ ತೀರಲಿಲ್ಲ. 2011ರಲ್ಲಿ ಫಿರಂಗಿಯ ಗುಂಡುಗಳು ಗುಡಿಯ ಕಲ್ಲುಗಳನ್ನೇ ಒಡೆದುವು. 2025ರ ಜುಲೈ ತಿಂಗಳಲ್ಲಿ ಗಡಿಯುದ್ದಕ್ಕೂ ಐದು ದಿನ ಕಾಳಗ ನಡೆದು ಲಕ್ಷಗಟ್ಟಲೆ ಜನರು ಮನೆಮಠ ಬಿಟ್ಟು ಓಡಿದರು.

ಯಾರ ಪಕ್ಷವು ನ್ಯಾಯವೆಂದು ಹೇಳಲು ನಾವು ಕುಳಿತಿಲ್ಲ. ನಮ್ಮ ಮನಸ್ಸನ್ನು ಕಾಡುವುದು ಬೇರೆ ಎರಡು ಸಂಗತಿಗಳು. 1979ರ ಜೂನ್ ತಿಂಗಳಲ್ಲಿ, ಆಶ್ರಯ ಬೇಡಿ ಬಂದಿದ್ದ ನಾಲ್ವತ್ತು ಸಾವಿರಕ್ಕೂ ಹೆಚ್ಚು ಕಾಂಬೋಡಿಯನ್ನರನ್ನು ಥೈ ಸೈನಿಕರು ಇದೇ ಬೆಟ್ಟದ ಕಡಿದಾದ ಅಂಚಿನಿಂದ ಕೆಳಕ್ಕೆ ಅಟ್ಟಿದರು. ಕೆಳಗಣ ಕಾಡಿನಲ್ಲಿ ಸಿಡಿಮದ್ದುಗಳನ್ನು ಹೂಳಲಾಗಿತ್ತು. ಹೆಂಗಸರು ಮಕ್ಕಳೆನ್ನದೆ ಅನೇಕರು ಅಲ್ಲಿ ಮಡಿದರು. ಇನ್ನೊಂದು, 2003ರ ಜನವರಿಯದು. ಅಂಗ್‌ಕೋರ್ ದೇವಾಲಯವು ತಮ್ಮ ದೇಶದ್ದೆಂದು ಥೈ ನಟಿಯೊಬ್ಬಳು ಆಡಿದಳೆಂಬ ಸುದ್ದಿ ಕಾಂಬೋಡಿಯದಲ್ಲಿ ಹಬ್ಬಿತು. ಆಕೆ ಹಾಗೆ ಆಡಲೇ ಇಲ್ಲವೆಂದಳು. ಅಷ್ಟರಲ್ಲಿ ಜನರ ಗುಂಪು ರಾಜಧಾನಿಯಲ್ಲಿದ್ದ ಥೈ ರಾಯಭಾರ ಕಚೇರಿಗೆ ಬೆಂಕಿಯಿಟ್ಟಿತ್ತು.

ಪ್ರಾಣಹಿಂಸೆ ಮಾಡೆನೆಂಬುದು ಬೌದ್ಧ ಗೃಹಸ್ಥನ ಮೊದಲನೆಯ ಶೀಲ, ಸುಳ್ಳಾಡೆನೆಂಬುದು ನಾಲ್ಕನೆಯದು. ಬೆಟ್ಟದ ಅಂಚಿನಲ್ಲಿ ಮೊದಲನೆಯದು ಮುರಿಯಿತು. ಬೀದಿಯಲ್ಲಿ ನಿಜವನ್ನು ವಿಚಾರಿಸುವ ತಾಳ್ಮೆಯೇ ಉಳಿಯಲಿಲ್ಲ. ದೇವರ ಹೆಸರಿನಲ್ಲಿ ನೆಲವನ್ನು ಕೇಳುವವನು, ಆ ನೆಲದ ಮೇಲಿರುವ ಜನರಿಗಾಗಿ ಅದೇ ದೇವರಿಗೆ ಉತ್ತರ ಕೊಡಬೇಕಾದವನೂ ಆಗುವನು. ಹಕ್ಕನ್ನು ನ್ಯಾಯಾಲಯವು ನಿರ್ಣಯಿಸಬಹುದು; ಈ ಹೊಣೆಯನ್ನು ಯಾವ ತೀರ್ಪೂ ಇಳಿಸಲಾರದು.

ಈ ಹೊಣೆಯು ಅರಸರಿಗೂ ಸೈನಿಕರಿಗೂ ಸೇರಿದ್ದು, ನಮಗೇನೆಂದು ವಾಚಕರು ಕೇಳಬಹುದು. ಬೆಂಕಿಯಿಟ್ಟ ಗುಂಪಿನವರೂ ನಮ್ಮಂತೆ ಮನೆಗಳಿಂದಲೇ ಬಂದವರಲ್ಲವೆ? ಪುಣ್ಯಸ್ಥಳಗಳ ವ್ಯಾಜ್ಯವು ನಮ್ಮ ದೇಶಕ್ಕೂ ಹೊಸದಲ್ಲ. ಅಂಥ ಸುದ್ದಿಯು ನಮ್ಮ ಜಗುಲಿಗೆ ಬಂದಾಗ, ಅದು ನಿಜವೆ ಎಂದು ವಿಚಾರಿಸಿ, ಎದುರು ಪಕ್ಷದವರ ಮನೆಯಲ್ಲಿಯೂ ಮಕ್ಕಳಿರುವರೆಂಬುದನ್ನು ನೆನೆದು ಮಾತನಾಡೋಣ. ನಾವು ಆಡುವ ಮಾತನ್ನು ನಮ್ಮ ಮಕ್ಕಳು ಕೇಳುತ್ತಿರುವರು.