ಸೈಕಲಿನ ಹಿಂದಿನ ದೀಪ ಯಾರ ಕಣ್ಣಿಗೆ ಬೀಳಬೇಕು?

ಮುಂಬಯಿ ಮಹಾನಗರ ಕಣ್ಣು ತೆರೆಯುವ ಮೊದಲೇ ಅದರ ಹೊಟ್ಟೆ ತುಂಬಿಸುವ ಕೆಲಸ ಸೈಕಲಿನ ಮೇಲೆ ಆರಂಭವಾಗಿರುತ್ತದೆ. ಪಾವಿನ ಮೂಟೆ ಹೊತ್ತವರು, ಹಾಲು ಹಂಚುವವರು, ಪೇಪರ್ ಹಾಕುವ ಹುಡುಗರು, ನಸುಕಿನಲ್ಲೇ ಹೊಟೇಲಿನ ಒಲೆ ಹಚ್ಚಬೇಕಾದ ಕೆಲಸಗಾರರು, ರಾತ್ರಿ ಪಾಳಿ ಮುಗಿಸಿ ಮರಳುವ ವಾಚ್‌ಮನ್‌ಗಳು ಕತ್ತಲಲ್ಲೇ ರಸ್ತೆಗಿಳಿಯುತ್ತಾರೆ. ಇವರಲ್ಲಿ ಊರು ಬಿಟ್ಟು ಬಂದ ತುಳು-ಕನ್ನಡಿಗರೂ ಇದ್ದಾರೆ. ಇವರ ಬೆನ್ನ ಹಿಂದೆ ಲಾರಿ, ಟೆಂಪೊಗಳು ಖಾಲಿ ರಸ್ತೆಯೆಂದು ವೇಗವಾಗಿ ಬರುತ್ತವೆ.

ಹಿಂದೆ ಸೈಕಲಿಗೆ ದೀಪವಿಲ್ಲದಿದ್ದರೆ ಪೊಲೀಸರು ಹಿಡಿಯುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಆಮೇಲೆ ಡೈನಮೊ ಬಂತು. ಸೈಕಲ್ ನಿಂತರೆ ಅದರ ದೀಪವೂ ಆರುತ್ತಿತ್ತು. ಇಂದು ಬ್ಯಾಟರಿಯ ಪುಟ್ಟ ಎಲ್‌ಇಡಿ ದೀಪ ಸುಲಭವಾಗಿ ಸಿಗುತ್ತದೆ. 2020ರಲ್ಲಿ ಕೇಂದ್ರ ಸರಕಾರ ಸೈಕಲಿನ ರಿಫ್ಲೆಕ್ಟರ್‌ಗಳ ಗುಣಮಟ್ಟದ ಬಗ್ಗೆ ಆದೇಶ ಹೊರಡಿಸಿದ್ದೂ ಸ್ವಾಗತಾರ್ಹ. ಆದರೆ ರಿಫ್ಲೆಕ್ಟರಿಗೆ ಸ್ವಂತ ಬೆಳಕಿಲ್ಲ. ಹಿಂದಿನ ವಾಹನದ ಹೆಡ್‌ಲೈಟ್ ಬಿದ್ದರೆ ಮಾತ್ರ ಅದು ಹೊಳೆಯುತ್ತದೆ. ಆದ್ದರಿಂದ ಎರಡೂ ಬೇಕು.

ದೀಪ ಕೊಂಡ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಅದನ್ನು ಎಲ್ಲಿ ಕೂರಿಸಬೇಕೆಂಬುದೇ ಮುಖ್ಯ. ಸೀಟಿನ ಕೆಳಗಿನ ಪೈಪಿಗೆ ಸಿಕ್ಕಿಸುವುದು ಸುಲಭ. ಕ್ಯಾರಿಯರ್ ಇಲ್ಲದ ಸೈಕಲಿಗೆ ಅದು ಸರಿಯಾದ ಜಾಗವೂ ಹೌದು. ಆದರೆ ದುಡಿಯುವವನ ಸೈಕಲಿನಲ್ಲಿ ಕ್ಯಾರಿಯರ್ ಮೇಲೆ ಮೂಟೆಯೋ ಹಾಲಿನ ಕ್ರೇಟೋ ಇರುತ್ತದೆ. ಮಳೆಗಾಲದಲ್ಲಿ ರೈನ್‌ಕೋಟಿನ ಅಂಚು ಇಳಿಬಿದ್ದಿರುತ್ತದೆ. ಅವುಗಳ ಹಿಂದೆ ಉರಿಯುವ ದೀಪ ಸವಾರನ ಮನಸ್ಸಿಗೆ ಧೈರ್ಯ ಕೊಡುತ್ತದೆಯೇ ಹೊರತು ಲಾರಿ ಚಾಲಕನ ಕಣ್ಣಿಗೆ ಬೀಳುವುದಿಲ್ಲ. ದೀಪವಿದೆಯೆಂಬ ನಂಬಿಕೆಯಲ್ಲಿ ಸಾಗುವವನ ಸ್ಥಿತಿ ಇನ್ನೂ ಅಪಾಯಕಾರಿ.

ಸಾಮಾನು ಹೊರುವ ಸೈಕಲಿಗೆ ದೀಪದ ಯೋಗ್ಯ ಸ್ಥಳ ಕ್ಯಾರಿಯರಿನ ಹಿಂಬದಿಯ ತುದಿ. ಅಲ್ಲಿ ಒಂದು ತಗಡಿನ ಪಟ್ಟಿಯನ್ನು ನಟ್-ಬೋಲ್ಟ್ ಹಾಕಿ ಬಿಗಿದು ದೀಪ ಕೂರಿಸಿದರೆ ಯಾವ ಮೂಟೆಯೂ ಅಡ್ಡ ಬರುವುದಿಲ್ಲ. ಮೂಟೆ ಕ್ಯಾರಿಯರನ್ನೂ ಮೀರಿ ಚಾಚಿದ್ದರೆ ದೀಪವನ್ನು ಮೂಟೆಯ ಹಿಂಬದಿಗೇ ಭದ್ರವಾಗಿ ಕಟ್ಟಬೇಕು. ಸೀಟಿನಿಂದ ಹಿಂಚಕ್ರದ ಅಚ್ಚಿಗೆ ಇಳಿಯುವ ಸರಳಿಗೆ ಹಾಕುವುದಾದರೆ ಬಲಗಡೆಯ ಸರಳೇ ಆಗಲಿ, ಏಕೆಂದರೆ ಹಿಂದಿಕ್ಕುವ ವಾಹನ ಬರುವುದು ಬಲಗಡೆಯಿಂದ. ಭಾರತದಂತೆ ಎಡಬದಿಯಲ್ಲೇ ವಾಹನ ಓಡಿಸುವ ಬ್ರಿಟನ್ನಿನ ನಿಯಮವೂ ಇದನ್ನೇ ಹೇಳುತ್ತದೆ: ಹಿಂದಿನ ದೀಪ ನಡುವಿನಲ್ಲಿ ಅಥವಾ ಬಲಗಡೆ, ನೆಲದಿಂದ 350 ರಿಂದ 1500 ಮಿಲಿಮೀಟರ್ ಎತ್ತರದೊಳಗೆ ಇರಬೇಕು.

ದೀಪದ ಮುಖ ನೇರವಾಗಿ ಹಿಂದಕ್ಕಿರಬೇಕು. ಬೆನ್ನ ಚೀಲಕ್ಕೆ ಸಿಕ್ಕಿಸಿದ ದೀಪ ಸವಾರ ಬಾಗಿದಾಗ ಆಕಾಶ ನೋಡುತ್ತದೆ. ತೀರಾ ಕೆಳಗೆ ಹಾಕಿದರೆ ಕೆಸರು ಮುಚ್ಚುತ್ತದೆ. ಮಿನುಗುವ ಬೆಳಕು ಗಮನ ಸೆಳೆಯುತ್ತದೆ ನಿಜ, ಆದರೆ ಕತ್ತಲ ರಸ್ತೆಯಲ್ಲಿ ಸೈಕಲ್ ಎಷ್ಟು ದೂರವಿದೆಯೆಂದು ಅಂದಾಜಿಸಲು ಸ್ಥಿರವಾಗಿ ಉರಿಯುವ ಬೆಳಕೇ ಉತ್ತಮ. ಕಳ್ಳತನದ ಭಯವಿದ್ದವರು ಕಳಚಿ ಜೇಬಿಗಿಳಿಸಬಹುದಾದ ದೀಪ ಕೊಳ್ಳಲಿ. ಭಯದಿಂದ ದೀಪವನ್ನೇ ಬಿಡುವುದು ಜಾಣತನವಲ್ಲ.

ಪರೀಕ್ಷೆಗೆ ಖರ್ಚಿಲ್ಲ. ರಾತ್ರಿ ಸಾಮಾನು ಹೇರಿದ ಸೈಕಲನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಸವಾರನ ಜಾಗದಲ್ಲಿ ಒಬ್ಬರನ್ನು ಕೂರಿಸಿ, ಐವತ್ತು ಹೆಜ್ಜೆ ಹಿಂದೆ ಹೋಗಿ ನೋಡಬೇಕು. ನಡುವಿನಿಂದ, ಬಲಗಡೆಯಿಂದ, ಸ್ವಲ್ಪ ಕುಳಿತು, ಮೂರು ಬಗೆಯಲ್ಲೂ ಕಂಡರೆ ಜಾಗ ಸರಿಯಾಗಿದೆ ಎಂದರ್ಥ.

ಮಹಾನಗರದ ಕನ್ನಡ ಸಂಘ-ಸಂಸ್ಥೆಗಳು ಪುಸ್ತಕ ವಿತರಣೆ, ರಕ್ತದಾನ, ನೇತ್ರ ತಪಾಸಣೆಯಂತಹ ಶ್ಲಾಘನೀಯ ಕಾರ್ಯಗಳನ್ನು ಮಾಡುತ್ತಲೇ ಬಂದಿವೆ. ವರ್ಷಕ್ಕೊಂದು ಸಂಜೆಯನ್ನು ಈ ಕೆಲಸಕ್ಕೂ ಮೀಸಲಿಡಲಿ. ಬಡಾವಣೆಯ ಸೈಕಲ್ ರಿಪೇರಿಯವನನ್ನು ಸಭಾಗೃಹದ ಅಂಗಳಕ್ಕೆ ಕರೆಸಿ, ಹೊಟೇಲ್ ಕೆಲಸಗಾರರ, ಪೇಪರ್ ಹುಡುಗರ ಸೈಕಲಿಗೆ ಸರಿಯಾದ ಜಾಗದಲ್ಲಿ ದೀಪ ಕೂರಿಸಲಿ. ವೇದಿಕೆಯ ಕೆಲವು ಶಾಲು, ಸ್ಮರಣಿಕೆಗಳನ್ನು ಕಡಿಮೆ ಮಾಡಿದರೆ ಹಣ ಹೊಂದುತ್ತದೆ. ಊರಿನಲ್ಲಿ ಫೋನಿಗಾಗಿ ಕಾಯುವ ತಾಯಂದಿರಿಗೆ ಇದಕ್ಕಿಂತ ದೊಡ್ಡ ಸನ್ಮಾನ ಬೇರೊಂದಿಲ್ಲ.