ಮಳೆ, ಬೈಸಿಕಲ್ಲು, ಚಲ್ಲಣ

ಪುತ್ತೂರು, ಸುಳ್ಯ, ಕಡಬಗಳ ಸೀಮೆಯಲ್ಲಿ ಮಳೆಯೆಂಬುದು ಬಂದು ಹೋಗುವ ಅತಿಥಿಯಲ್ಲ. ನಾಲ್ಕು ತಿಂಗಳು ಬೀಡುಬಿಡುವ ಬಂಧು. ವರ್ಷಕ್ಕೆ ಸುಮಾರು 4000 ಮಿಲಿಮೀಟರಿನಷ್ಟು ಸುರಿಯುವ ಮಳೆಯಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೇ ಬಿದ್ದುಬಿಡುತ್ತದೆ. ಆಟಿಯ ದಿನಗಳಲ್ಲಿ ಬೈಸಿಕಲ್ಲೇರಿ ಹೊರಟವನು ನೆನೆಯದೆಯೇ ಹಿಂತಿರುಗುವೆನೆಂದು ಹಟ ತೊಟ್ಟರೆ, ಮೊದಲು ನೆನೆಯುವುದು ಆ ಹಟವೇ!

ಇಂಥ ಹಟದಿಂದ ಕೆಲವರು ಒಂದು ಕೈಯಲ್ಲಿ ಕೊಡೆ ಹಿಡಿದು ಸವಾರಿ ಮಾಡುವುದುಂಟು. ಉಳಿದ ಒಂದು ಕೈಗೆ ಒಂದೇ ಬ್ರೇಕು. ನೆನೆದ ರಿಮ್ಮಿನ ಮೇಲೆ ಬ್ರೇಕಿನ ರಬ್ಬರು ಜಾರುತ್ತದೆ, ಗಾಳಿ ಕೊಡೆಯನ್ನೆಳೆಯುತ್ತದೆ, ಇಳಿಜಾರಿನ ತಿರುವಿನಲ್ಲಿ ಎದುರಿಗೇ ಬಸ್ಸು. ಒಣಗಿದ ಅಂಗಿಗೆ ಪ್ರಾಣದ ಬೆಲೆ ತೆರಬೇಕೆ?

ಬೇರೆ ಕೆಲವರು ಅಡಿಯಿಂದ ಮುಡಿಯವರೆಗೆ ಮಳೆಯಂಗಿಯಲ್ಲಿ ಅಡಗುತ್ತಾರೆ. ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂತಾಷ್ 1823ರಲ್ಲಿ ಎರಡು ಬಟ್ಟೆಗಳ ನಡುವೆ ರಬ್ಬರು ಲೇಪಿಸಿದ ವಸ್ತ್ರಕ್ಕೆ ಹಕ್ಕುಪತ್ರ ಪಡೆದಂದಿನಿಂದ ಮಳೆಯಂಗಿಯ ಗುಣದೋಷಗಳೆರಡೂ ಜೊತೆಯಾಗಿಯೇ ಬಂದಿವೆ. ಹೊರಗಿನ ನೀರನ್ನು ತಡೆಯುವ ಬಟ್ಟೆ ಒಳಗಿನ ಬೆವರನ್ನೂ ತಡೆಯುತ್ತದೆ. ಏರು ತುಳಿದವನು ಮಳೆಯಿಂದ ಪಾರಾಗಿ ಬೆವರಿನಲ್ಲಿ ಮೀಯುತ್ತಾನೆ.

ಈ ಸೀಮೆಯ ಹಿಂದಿನ ರೈತರು ಬೇರೊಂದು ದಾರಿ ಕಂಡುಕೊಂಡಿದ್ದರು. ಬಿದಿರಿನ ಚೌಕಟ್ಟಿಗೆ ಎಲೆ ಹೊದಿಸಿದ ಗೊರಬೆ ಅವರ ತಲೆ ಬೆನ್ನುಗಳನ್ನು ಕಾಯುತ್ತಿತ್ತು. ಕೈಗಳೆರಡೂ ಕೆಲಸಕ್ಕೆ ಬಿಡುವಾಗಿರುತ್ತಿದ್ದುವು. ಅಡಿಯಿಂದ ಗಾಳಿ ಆಡುತ್ತಿತ್ತು. ಸೊಂಟದಲ್ಲಿ ತುಂಡು ಬಟ್ಟೆ. ಅದರ ಕೆಳಗೆ ಬರಿಗಾಲು. ಕಾಲನ್ನು ಅವರು ಮಳೆಗೇ ಬಿಟ್ಟುಕೊಟ್ಟಿದ್ದರು. ಒರಸಿದೊಡನೆ ಒಣಗುವ ಬಟ್ಟೆಯುಂಟೆ? ಚರ್ಮ ಒಣಗುತ್ತದೆ.

ಇಂದಿನ ಸವಾರನ ಬಿಗಿ ಚಲ್ಲಣದ ತತ್ತ್ವವೂ ಇದೇ. ಉದ್ದನೆಯ ಹತ್ತಿಯ ಷರಾಯಿ ನೀರು ಕುಡಿದು, ಭಾರವಾಗಿ, ಮೊಣಕಾಲಿಗೆ ಅಂಟಿಕೊಳ್ಳುತ್ತದೆ. ಸಾಧಾರಣ ಹವೆಯಲ್ಲೇ ಹತ್ತಿಯು ತನ್ನ ತೂಕದ ಶೇಕಡ 8ರಷ್ಟು ತೇವವನ್ನು ಹೀರಿದರೆ, ಪಾಲಿಯೆಸ್ಟರು ಹೀರುವುದು ಶೇಕಡ 0.4ರಷ್ಟು ಮಾತ್ರ. ಪಾಲಿಯೆಸ್ಟರಿನ ಚಲ್ಲಣವೂ ನೆನೆಯುತ್ತದೆ, ನಿಜ. ಆದರೆ ಹಿಂಡಿ ಹರವಿದರೆ ಬೇಗ ಒಣಗುತ್ತದೆ. ಮೈಗೆ ಹಗುರವಾದ ಮಳೆಯಂಗಿ, ಗಾಲಿಗಳಿಗೆ ಉದ್ದನೆಯ ಮಡ್‌ಗಾರ್ಡು, ಬ್ರೇಕುಗಳ ಮೇಲೆ ಎರಡೂ ಕೈ: ಇಷ್ಟಿದ್ದರೆ ಸಾಕು.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ಚಲ್ಲಣದೊಳಗಿನ ಮೆತ್ತೆ ಕುಡಿದ ನೀರನ್ನು ಬೇಗ ಬಿಡದು. ಒದ್ದೆ ಮೆತ್ತೆಯಲ್ಲೇ ಕುಳಿತರೆ ತೊಡೆಯ ಸಂದು ಉಜ್ಜಿ ಕೆಂಪೇರುತ್ತದೆ. ಗಜಕರ್ಣಕ್ಕೆ ಅದೇ ಕರೆಯೋಲೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಒಣ ಉಡುಪೊಂದು ಕ್ಯಾರಿಯರಿನಲ್ಲಿರಲಿ. ಊರು ಸೇರಿದೊಡನೆ ಬಟ್ಟೆ ಬದಲಾಯಿಸುವುದು ಶೋಕಿಯಲ್ಲ, ಆರೋಗ್ಯ.

ಸಂಜೆ ಮನೆಗೆ ಮರಳಿದ ಮಗನನ್ನು ಕಂಡು, “ಇಷ್ಟು ಚಂಡಿಯಾಗಿ ಬಂದೆಯಾ ಮಗಾ?” ಎಂದು ತಾಯಿ ಬೈರಾಸು ಹಿಡಿದು ಬರುತ್ತಾಳೆ. “ಕಾಲು ಮಾತ್ರ ಅಮ್ಮಾ” ಎಂದು ಅವನು ನಗಬಲ್ಲನಾದರೆ, ಆ ದಿನದ ಮಳೆಯನ್ನು ಅವನು ಗೆದ್ದಂತೆಯೇ. ಬಚ್ಚಲ ಒಲೆಯಿಂದ ತುಸು ದೂರದ ಹಗ್ಗದಲ್ಲಿ ಚಲ್ಲಣವು ನಾಳಿನ ಸವಾರಿಗೆ ಒಣಗುತ್ತಿರಲಿ.