ಫ್ರೀ ಗೇಮ್‌ಗೆ ಬೈಯೋದಕ್ಕೂ ಒಂದು ಯೋಗ್ಯತೆ ಬೇಕು ಕಣ್ರೋ

1/5

ನೇರವಾಗಿ ವಿಷಯಕ್ಕೆ ಬರ್ತೀನಿ. ಸ್ಟೋರಿಯಲ್ಲಿ ಲುವಾಂಟಿ ಲಿಂಕ್ ಹಾಕಿದ್ದಕ್ಕೆ ಬಂದ ರಿಪ್ಲೈಗಳು ಇವು: "ಡಬ್ಬಾ ಗೇಮ್", "ಮೈನ್‌ಕ್ರಾಫ್ಟ್ ಕಾಪಿ", "ಓಪನ್ ಮಾಡಿದ್ರೆ ಒಳಗಡೆ ಏನೂ ಇಲ್ಲ ಮಗಾ", "ಫ್ರೀ ಅಲ್ವಾ, ಅಷ್ಟೇ ಇರೋದು". ಈ ಕೊನೇದಿದ್ಯಲ್ಲ, ಅದಕ್ಕೇ ಈ ಐದು ಪೋಸ್ಟ್.

ಗೊತ್ತಿಲ್ಲದವರಿಗೆ: ಲುವಾಂಟಿ ಅಂದ್ರೆ ಮೊದಲು ಮೈನ್‌ಟೆಸ್ಟ್ ಅಂತ ಇತ್ತಲ್ಲ, ಅದೇ. 2010ರಲ್ಲಿ ಫಿನ್ಲೆಂಡಿನ ಪೆರ್ಟ್ಟು ಅಹೋಲಾ ಅನ್ನೋರು ಹವ್ಯಾಸಕ್ಕೆ ಶುರು ಮಾಡಿದ್ದು. ಆಮೇಲೆ ಯಾರ್ಯಾರೋ ಬಂದು ಕೈ ಜೋಡಿಸಿದ್ರು. 2024ರ ಅಕ್ಟೋಬರ್‌ನಲ್ಲಿ ಹೆಸರು ಬದಲಾಯ್ತು. ಫಿನ್ನಿಶ್‌ನಲ್ಲಿ 'ಲುವೊಂಟಿ' ಅಂದ್ರೆ ಸೃಷ್ಟಿ, ಅದಕ್ಕೆ ಲುವಾ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಸೇರಿಸಿದ್ರು. ಹಿಂದೆ ಕಂಪನಿ ಇಲ್ಲ, ಜಾಹೀರಾತು ಇಲ್ಲ, ಕಾಯಿನ್ ಕೊಂಡ್ಕೊಳ್ಳಿ ಅಂತ ಕಾಡೋದಿಲ್ಲ.

ಆ ಕಡೆ ಮೈನ್‌ಕ್ರಾಫ್ಟ್ ಮಾಡಿದ ಮೊಜಾಂಗ್‌ನ 2014ರಲ್ಲಿ ಮೈಕ್ರೋಸಾಫ್ಟ್ ಕೊಂಡಿದ್ದು 250 ಕೋಟಿ ಡಾಲರ್‌ಗೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ತೂಗ್ತೀರಲ್ಲ, ಬಿಕಾಂ ಓದ್ತಿರೋರು ನೀವು! ಒಂದರ ಬ್ಯಾಲೆನ್ಸ್ ಶೀಟೇ ಬೇರೆ, ಇನ್ನೊಂದಕ್ಕೆ ಬ್ಯಾಲೆನ್ಸ್ ಶೀಟೇ ಇಲ್ಲ. ಇನ್ನು ಕಾಪಿ ಅನ್ನೋ ಮಾತು. ಮೈನ್‌ಕ್ರಾಫ್ಟ್ ಮಾಡಿದಾತನೇ ಇನ್ಫಿನಿಮೈನರ್ ಅನ್ನೋ ಗೇಮ್ ನೋಡಿ ಐಡಿಯಾ ಬಂತು ಅಂತ ಒಪ್ಕೊಂಡಿದ್ದಾನೆ. ಆ ಚರ್ಚೆ ಇಲ್ಲಿಗೆ ಸಾಕು.

2/5

ಈಗ ನಿಮ್ಮ ಕಂಪ್ಲೇಂಟ್‌ಗಳು. ಕೆಲವು ನಿಜ, ಕೆಲವು ಸೋಮಾರಿತನ.

"ಓಪನ್ ಮಾಡಿದ್ರೆ ಗೇಮೇ ಇಲ್ಲ." ಹೌದು, ಇಲ್ಲ. ಯಾಕಂದ್ರೆ ಲುವಾಂಟಿ ಒಂದು ಎಂಜಿನ್, ಗೇಮ್‌ಗಳು ಅದರ ಮೇಲೆ ಕೂರ್ತವೆ. 2023ರ ಡಿಸೆಂಬರ್‌ನಲ್ಲಿ ಬಂದ 5.8.0ದಿಂದ ಮೊದಲೇ ತುಂಬಿಕೊಡ್ತಿದ್ದ ಗೇಮನ್ನೂ ತೆಗೆದ್ರು. ಒಳಗಡೆ ಕಂಟೆಂಟ್ ಅಂತ ಒಂದು ಟ್ಯಾಬ್ ಇದೆ, ಅಲ್ಲಿಂದ ವಾಕ್ಸೆಲಿಬ್ರೆನೋ ಇನ್ನೊಂದೋ ಇಳಿಸ್ಕೋಬೇಕು, ಅದಕ್ಕೂ ದುಡ್ಡಿಲ್ಲ. ಆದ್ರೆ ಈ ವಿಷಯದಲ್ಲಿ ನಾನು ನಿಮ್ಮ ಪರ. ಮೊದಲನೇ ಸಲ ಬಂದವನಿಗೆ ಖಾಲಿ ತಟ್ಟೆ ಕೊಟ್ಟು "ಅಡುಗೆಮನೆ ಆ ಕಡೆ ಇದೆ" ಅನ್ನೋದು ಮರ್ಯಾದೆ ಅಲ್ಲ. ಎಂಜಿನ್ ಮಾಡೋರಿಗೆ ಅದು ತತ್ವ ಇರಬಹುದು, ಹಸಿದು ಬಂದವನಿಗೆ ಅದು ಖಾಲಿ ತಟ್ಟೆನೇ.

"ಫ್ರೆಂಡ್ ನನ್ನ ಸರ್ವರ್‌ಗೆ ಬರೋಕಾಗ್ತಿಲ್ಲ." ಇದಕ್ಕೆ ಗೇಮ್‌ಗೆ ಬೈಬೇಡಿ. ಮೊಬೈಲ್ ಡೇಟಾದಲ್ಲಿ ಸಾಮಾನ್ಯವಾಗಿ ನಿಮಗೆ ಸ್ವಂತ ಪಬ್ಲಿಕ್ ಐಪಿವಿ4 ಅಡ್ರೆಸ್ ಇರಲ್ಲ, ನೂರಾರು ಜನ ಒಂದನ್ನೇ ಹಂಚ್ಕೊಂಡಿರ್ತೀರಿ. ಒಂದು ಪಿಜಿ ಅನ್ಕೊಳ್ಳಿ. ಗೇಟಿಗೆ ಒಂದೇ ಅಡ್ರೆಸ್, ಒಳಗಡೆ ನಲವತ್ತು ರೂಮು. ನೀವು ಆರ್ಡರ್ ಮಾಡಿದ್ದು ಬಂದ್ರೆ ವಾಚ್‌ಮನ್‌ಗೆ ಗೊತ್ತಿರುತ್ತೆ, ಹೇಳದೇ ಬಂದವರನ್ನ ಯಾವ ರೂಮಿಗೆ ಕಳಿಸ್ತಾನೆ? ಲುವಾಂಟಿ ಸರ್ವರ್ ಯುಡಿಪಿ 30000 ಪೋರ್ಟ್‌ನಲ್ಲಿ ಕಾಯ್ತಾ ಇರುತ್ತೆ, ನಿಮ್ಮ ಫ್ರೆಂಡ್ ಗೇಟಲ್ಲೇ ನಿಂತಿರ್ತಾನೆ. ಇಬ್ಬರೂ ಒಂದೇ ಹಾಟ್‌ಸ್ಪಾಟ್‌ಗೆ ಸೇರ್ಕೊಳ್ಳಿ, ಆಡಬಹುದು. ದೊಡ್ಡಬಳ್ಳಾಪುರ ಬಸ್ ಸ್ಟ್ಯಾಂಡಲ್ಲಿ ಕೂತ್ಕೊಂಡೇ ಆಡಿದೀವಿ, ಬಸ್ ಮಿಸ್ ಆಯ್ತು ಅಷ್ಟೇ.

"ಲ್ಯಾಗ್." ಇದು ಎರಡು ಥರ. ನಿಮ್ಮ ಫೋನ್ ಏದುಸಿರು ಬಿಡ್ತಿದ್ರೆ ವ್ಯೂಯಿಂಗ್ ರೇಂಜ್ ಇಳಿಸಿ. ಈಗ ಎಷ್ಟಿದ್ಯೋ ಅದರ ಅರ್ಧ ಮಾಡಿ. ಅರ್ಧ ಮಾಡಿದ್ರೆ ಕೆಲಸ ಅರ್ಧ ಆಗಲ್ಲ, ಹೆಚ್ಚುಕಮ್ಮಿ ಎಂಟನೇ ಒಂದು ಭಾಗಕ್ಕೆ ಇಳಿಯುತ್ತೆ. ಉದ್ದ ಅಗಲ ಎತ್ತರ ಮೂರೂ ಇಳಿದ್ವಲ್ಲ, ಲೆಕ್ಕ ಹಾಕಿ. ಎಲ್ಲರಿಗೂ ಒಟ್ಟಿಗೆ ಲ್ಯಾಗ್ ಆದ್ರೆ ತೊಂದರೆ ಬಹುಶಃ ಸರ್ವರ್‌ನಲ್ಲಿ. ಅಲ್ಲಿ ಲುವಾ ಕೋಡ್ ಬಹುಪಾಲು ಒಂದೇ ಸಾಲಿನಲ್ಲಿ ಓಡುತ್ತೆ. ಯಾರೋ ಬರೆದ ಒಂದು ಕೆಟ್ಟ ಮಾಡ್ ನಿಂತ್ರೆ ಹಿಂದಿನವರೆಲ್ಲ ನಿಲ್ತಾರೆ. ಇದು ಅಸಲಿ ತೊಂದರೆ, ಹಳೇ ತೊಂದರೆ, ಒಂದು ವಾರದಲ್ಲಿ ಸರಿಹೋಗೋ ತೊಂದರೆ ಅಲ್ಲ.

3/5

ಈಗ ಬಿಸಿನೆಸ್ ಲಾ. ನಗಬೇಡಿ, ಇಂಟರ್ನಲ್ಸ್‌ಗೆ ಓದಿದ್ದು ಒಂದ್ಸಲನಾದ್ರೂ ಉಪಯೋಗಕ್ಕೆ ಬರಲಿ.

1872ರ ಕಾಂಟ್ರ್ಯಾಕ್ಟ್ ಆಕ್ಟ್, ಸೆಕ್ಷನ್ 25. ಪ್ರತಿಫಲ ಇಲ್ಲದ ಒಪ್ಪಂದ, ಕೆಲವು ವಿನಾಯಿತಿ ಬಿಟ್ರೆ, ಊರ್ಜಿತ ಅಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಪುಕ್ಕಟೆ ಸೇವೆ 'ಸೇವೆ'ಯ ಲೆಕ್ಕಕ್ಕೇ ಬರಲ್ಲ. ಲುವಾಂಟಿಯ ಲೈಸೆನ್ಸ್‌ನಲ್ಲೂ ವಾರಂಟಿ ಇಲ್ಲ ಅಂತ ಮೊದಲೇ ಬರೆದಿದ್ದಾರೆ. ಅಂದ್ರೆ ನೀವು ಗ್ರಾಹಕರಲ್ಲ. "ನಾನು ಕಸ್ಟಮರ್, ನಂಗೆ ಉತ್ತರ ಕೊಡಿ" ಅನ್ನೋ ಗತ್ತು ಇಲ್ಲಿ ನಡೆಯಲ್ಲ. ಆ ಕಡೆ ಕೂತಿರೋನು ಕೆಲಸ ಮುಗಿಸಿ ಬಂದು, ಊಟ ಮಾಡಿ, ನಿದ್ದೆ ಬಿಟ್ಟು ಕೋಡ್ ಬರೀತಿದ್ದಾನೆ. ಅವನ ರಾತ್ರಿ ಯಾವ ಲೆಡ್ಜರ್‌ನಲ್ಲೂ ಇಲ್ಲ.

ಆದ್ರೆ ತಾಳಿ, ಇನ್ನೊಂದು ಗುಂಪಿದೆ. "ಫ್ರೀಯಾಗಿ ಕೊಟ್ಟಿದ್ದಾರೆ, ಬಾಯ್ಮುಚ್ಕೊಂಡು ಆಡ್ರೋ" ಅನ್ನೋರು. ಅವರ ಮೇಲೆ ನಂಗೆ ಇನ್ನೂ ಜಾಸ್ತಿ ಕೋಪ. ದುಡ್ಡು ಕೊಡದ ಆಟಗಾರ ಇಂಥ ಗೇಮ್‌ಗೆ ವಾಪಸ್ ಕೊಡೋಕೆ ಆಗೋದೇ ದೂರು. ಹಳೇ ಫೋನು, ನಮ್ಮ ಲ್ಯಾಬಲ್ಲಿರೋ 4 ಜಿಬಿ ರ್‍ಯಾಮ್ ಮೆಷಿನ್ನು, ಹೋಗಿ ಬರೋ ನೆಟ್‌ವರ್ಕ್, ಇವೆಲ್ಲ ಫಿನ್ಲೆಂಡಲ್ಲಿ ಕೂತವನಿಗೆ ಕಾಣಲ್ಲ. ನೀವು ಹೇಳಿದ್ರೇನೇ ಗೊತ್ತಾಗೋದು.

ಹೇಳೋ ರೀತಿಯಲ್ಲಿ ಹೇಳಿ ಅಷ್ಟೇ. "ವರ್ಕ್ ಆಗ್ತಿಲ್ಲ ಬ್ರೋ" ದೂರಲ್ಲ, ನರಳಾಟ. ಯಾವ ಆವೃತ್ತಿ, ಯಾವ ಫೋನು, ಯಾವ ಗೇಮ್, ಯಾವ ಮಾಡ್ ಹಾಕಿದ್ರಿ, ಏನು ಒತ್ತಿದ್ರಿ, ಏನಾಯ್ತು, ಎರಡನೇ ಸಲನೂ ಹಾಗೇ ಆಯ್ತಾ. ಗೇಮ್ ತಾನೇ ಡೀಬಗ್ ಅನ್ನೋ ಟೆಕ್ಸ್ಟ್ ಫೈಲಲ್ಲಿ ಎಲ್ಲ ಬರ್ಕೊಂಡಿರುತ್ತೆ, ಅದರ ಕೊನೇ ಸಾಲುಗಳನ್ನ ಗಿಟ್‌ಹಬ್‌ನಲ್ಲಿ ಹಾಕಿ. (ಹಾಕೋ ಮುಂಚೆ ಒಂದ್ಸಲ ಓದಿ, ನಿಮ್ಮ ಐಪಿ ಅಡ್ರೆಸ್ ಗಿಡ್ರೆಸ್ ಇದ್ರೆ ಅಳಿಸಿ.) ಹತ್ತು ನಿಮಿಷದ ಕೆಲಸ. ಒಂದು ರೀಲ್‌ಗೆ ಹಾಡು ಹುಡುಕೋಕೆ ಇದಕ್ಕಿಂತ ಜಾಸ್ತಿ ಹೊತ್ತು ತಗೋತೀರಿ.

4/5

ನಂಗೆ ನಿಜವಾಗಲೂ ಉರಿಯೋ ವಿಷಯ ಇದು: "ಕನ್ನಡ ಯಾಕಿಲ್ಲ?"

ಇದೆ ಕಣ್ರೀ! ಲುವಾಂಟಿಯ ಸೋರ್ಸ್‌ನಲ್ಲಿ ಕನ್ನಡ ಅನುವಾದದ ಕಡತ ಇದೆ. ಯಾರೋ ಪುಣ್ಯಾತ್ಮರು ಕೂತು ಮಾಡಿದ್ದಾರೆ. ಆದ್ರೆ ಅದೇ ಸೋರ್ಸ್‌ನಲ್ಲಿ "ಇವನ್ನ ತೋರಿಸಬೇಡ" ಅನ್ನೋ ಒಂದು ಪಟ್ಟಿಯನ್ನೂ ವರ್ಷಗಟ್ಟಲೆ ಇಟ್ಕೊಂಡು ಬಂದಿದ್ದಾರೆ. ಅರಬ್ಬಿ, ಹೀಬ್ರೂ, ಹಿಂದಿ, ಥಾಯ್, ಜೊತೆಗೆ ಕನ್ನಡ. ದ್ವೇಷದಿಂದ ಅಲ್ಲ. ಎಂಜಿನ್‌ಗೆ ನಮ್ಮ ಅಕ್ಷರ ಜೋಡಿಸೋಕೆ ಬರಲ್ಲ.

ಹೆಂಗೆ ಅಂದ್ರೆ, 'ದೊಡ್ಡಬಳ್ಳಾಪುರ' ಅಂತ ಟೈಪ್ ಮಾಡಿ. ಕಣ್ಣಿಗೆ ಆರು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಹದಿಮೂರು: ದ, ಅದರ ಸ್ವರಚಿಹ್ನೆ, ಡ, ಹಲಂತ, ಇನ್ನೊಂದು ಡ, ಹಿಂಗೇ ಸಾಲಾಗಿ. ಹದಿಮೂರನ್ನ ಆರು ಮಾಡೋ ಕೆಲಸಕ್ಕೆ ಶೇಪಿಂಗ್ ಅಂತಾರೆ. ನಿಮ್ಮ ಆಂಡ್ರಾಯ್ಡ್‌ನಲ್ಲಿ, ಕ್ರೋಮ್‌ನಲ್ಲಿ ಹಾರ್ಫ್‌ಬಜ್ ಅನ್ನೋ ಲೈಬ್ರರಿ ಸದ್ದಿಲ್ಲದೆ ಅದನ್ನ ಮಾಡ್ತಿದೆ. ಅದಿಲ್ಲದ ಕಡೆ ಫಾಂಟ್ ಇಲ್ದಿದ್ರೆ ಬರೀ ಚೌಕ ಡಬ್ಬಿ. ಗುಬ್ಬಿನೋ ನವಿಲೋ ಯಾವುದೋ ಒಳ್ಳೇ ಫಾಂಟ್ ಹಾಕಿದ್ರೂ 'ದೊಡ್‌ಡಬಳ್‌ಳಾಪುರ' ಅಂತ ಒತ್ತಕ್ಷರ ಒಡೆದು ಬೀಳುತ್ತೆ. ಹೊಸಕೋಟೆ, ನೆಲಮಂಗಲದೋರಿಗೆ ಏಟು ಸ್ವಲ್ಪ ಕಮ್ಮಿ. ನಾವೂ ದೇವನಹಳ್ಳಿಯೋರೂ ಪೂರ್ತಿ ಕೆಟ್ವಿ.

"ಹಾರ್ಫ್‌ಬಜ್ ಹಾಕಿದ್ರಾಯ್ತಲ್ಲ" ಅಂತೀರಾ? ಅಷ್ಟು ಸುಲಭ ಅಲ್ಲ. ಸಾಲು ಎಲ್ಲಿ ಮುರೀಬೇಕು, ಕರ್ಸರ್ 'ಳ್ಳಾ' ಮಧ್ಯದಲ್ಲಿ ಎಲ್ಲಿ ನಿಲ್ಲಬೇಕು, ಬ್ಯಾಕ್‌ಸ್ಪೇಸ್ ಒತ್ತಿದ್ರೆ ಎಷ್ಟು ಅಳಿಸಬೇಕು, ಒಂದು ಫಾಂಟಲ್ಲಿ ಅಕ್ಷರ ಇಲ್ದಿದ್ರೆ ಇನ್ನೊಂದಕ್ಕೆ ಹೇಗೆ ಹೋಗಬೇಕು, ಎಲ್ಲ ಮತ್ತೆ ಬರೀಬೇಕು. ಆದ್ರೆ ಆಗದ ಕೆಲಸ ಏನೂ ಅಲ್ಲ. ಸೂಪರ್ ಟಕ್ಸ್ ಕಾರ್ಟ್ ಕೂಡ ಫ್ರೀ, ಅದೂ ಲುವಾಂಟಿ ಥರಾನೇ ಇರ್ಲಿಕ್ಟ್ ಅನ್ನೋ ಹಳೇ ಎಂಜಿನ್ನಿಂದ ಬೆಳೆದಿದ್ದು, ಅವರು ಹಾರ್ಫ್‌ಬಜ್ ತಂದ್ರು. 2023ರಲ್ಲಿ ಬಂದ ಗೊಡೋ 4ರಲ್ಲೂ ಇದೆ. ಹಾಗಾಗಿ ಲುವಾಂಟಿಯವರಿಗೂ ಒಂದು ಮಾತು: ಪಟ್ಟಿಗೆ ಸೇರಿಸಿ ಸುಮ್ಮನಾಗೋದು ಪರಿಹಾರ ಅಲ್ಲ ಸ್ವಾಮಿ.

ನಮ್ಮಕ್ಕನ ಮಗ ಐದನೇ ಕ್ಲಾಸು, ಸರ್ಕಾರಿ ಶಾಲೆ, ಕನ್ನಡ ಮೀಡಿಯಂ. ಅಪ್ಪನ ಹಳೇ ಫೋನಲ್ಲಿ ದೇವನಹಳ್ಳಿ ಕೋಟೆ ಕಟ್ತಿದ್ದಾನೆ, ಬುರುಜು ಸಮೇತ. ಬಾಗಿಲ ಪಕ್ಕ ಬೋರ್ಡ್ ನೆಟ್ಟು ಕನ್ನಡದಲ್ಲಿ ಹೆಸರು ಬರೆದ. ಡಬ್ಬಿ ಡಬ್ಬಿ ಬಂತು. "ಮಾವ, ನಂಗೆ ಬರೆಯೋಕೆ ಬರಲ್ವಾ?" ಅಂದ. ಶಾಲೆಯಲ್ಲಿ ಡಿಕ್ಟೇಶನ್‌ಗೆ ಹತ್ತಕ್ಕೆ ಹತ್ತು ತಗೊಳ್ಳೋ ಹುಡುಗ ಅವನು.

5/5

ಈಗ ಯಾರಿಗೆ ಬೈಬೇಕು ಹೇಳಿ.

ನವೆಂಬರ್ ಒಂದಕ್ಕೆ ಸ್ಟೋರಿ ಪೂರ್ತಿ ಹಳದಿ-ಕೆಂಪು. "ಕನ್ನಡ ಯಾಕಿಲ್ಲ" ಅನ್ನೋ ಕಮೆಂಟ್ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ! ಬೆಳಗಾದ್ರೆ ನಮ್ಮ ನಾಲ್ಕೂ ತಾಲ್ಲೂಕಿಂದ ಐಟಿ ಕೆಲಸಕ್ಕೆ ಬೆಂಗಳೂರಿಗೆ ಎಷ್ಟು ಜನ ಹೋಗ್ತಾರೆ. ಅವರಲ್ಲಿ ಸಿ ಪ್ಲಸ್ ಪ್ಲಸ್ ಬರೋ ನಾಲ್ಕು ಜನ ನಾಲ್ಕು ಭಾನುವಾರ ಕೂತ್ರೆ ಪೂರ್ತಿ ಮುಗಿಯುತ್ತೆ ಅಂತ ನಾನು ಹೇಳಲ್ಲ, ಶುರುವಾದ್ರೂ ಆಗುತ್ತೆ. ಬರಹ, ನುಡಿ ಎಲ್ಲ ಆಕಾಶದಿಂದ ಉದುರಿದ್ದಲ್ಲ. ಕಂಪ್ಯೂಟರ್‌ಗೆ ಕನ್ನಡ ಬರಲ್ಲ ಅಂದಾಗ ಯಾರೋ ಕೂತು ಕಲಿಸಿದ್ದು.

ನಂಗೆ ಸಿ ಪ್ಲಸ್ ಪ್ಲಸ್ ಬರಲ್ಲ, ಟ್ಯಾಲಿ ಬರುತ್ತೆ. ಆದ್ರೂ ವೆಬ್ಲೇಟ್‌ನಲ್ಲಿ ಅನುವಾದ ಮಾಡೋಕೆ ಕೋಡಿಂಗ್ ಬೇಕಿಲ್ಲ, ಲಾಗಿನ್ ಆದ್ರೆ ಸಾಕು. "ತೋರಿಸದೇ ಇರೋ ಭಾಷೆಗೆ ಯಾಕೆ ಅನುವಾದ" ಅಂತ ಕ್ಲಾಸಲ್ಲೊಬ್ಬ ಕೇಳಿದ. ರಸ್ತೆ ಆದ್ಮೇಲೆ ಬಸ್ ಕೊಂಡ್ಕೊಳ್ಳೋಣ ಅಂದ್ರೆ ರಸ್ತೆ ಮಾಡೋನು "ಬಸ್ಸೇ ಇಲ್ವಲ್ಲ" ಅಂತಾನೆ. ಕಡತ ತುಂಬಿದ್ರೆ ಕೇಳೋಕೆ ಒಂದು ಬಾಯಾದ್ರೂ ಇರುತ್ತೆ.

ಶನಿವಾರ ಮಧ್ಯಾಹ್ನ ಎರಡಕ್ಕೆ ನಾವು ಮೂರು ಜನ ಕೂರ್ತಿದೀವಿ. ಲ್ಯಾಪ್‌ಟಾಪ್ ಇರೋರು ತಗೊಂಡ್ ಬನ್ನಿ, ಇಲ್ದಿದ್ರೆ ಫೋನೇ ಸಾಕು. ಎಲ್ಲಿ ಅಂತ ಡಿಎಂ ಮಾಡಿ. ಮೊದಲನೇ ಜಗಳ ಈಗಲೇ ಶುರು: ಲುವಾಂಟಿಯಲ್ಲಿ ಪ್ರಪಂಚ ಕಟ್ಟೋ ಒಂದೊಂದು ತುಂಡಿಗೂ 'ನೋಡ್' ಅಂತಾರೆ. ಕನ್ನಡದಲ್ಲಿ ಏನನ್ನೋಣ? ನಾನು 'ಗಟ್ಟಿ' ಅಂದೆ, ಇನ್ನೊಬ್ಬಳು 'ಅಚ್ಚು' ಅಂತಿದ್ದಾಳೆ, ಮೂರನೆಯವನು 'ನೋಡ್' ಅಂತಲೇ ಇರಲಿ ಬಿಡು ಅಂತಾನೆ. ಕಮೆಂಟಲ್ಲಿ ಹಾಕಿ. ಕನ್ನಡ ಕೀಬೋರ್ಡಲ್ಲಿ.

#ಲುವಾಂಟಿ #ಕನ್ನಡಗೇಮಿಂಗ್ #ದೊಡ್ಡಬಳ್ಳಾಪುರ #ಒತ್ತಕ್ಷರ #ಬಿಕಾಂಹುಡುಗರು